ಗಬ್ಬೂರಿನ ಫ್ಲೆಕ್ಸಿನಲ್ಲಿ ಬಿಟ್ಟುಹೋದ ‘ತ್ವ’

ಗಬ್ಬೂರಿನ ಗೌತಮ ಲಿಂಗತ್ವ ಅಧ್ಯಯನವನ್ನು ಆರಿಸಿಕೊಂಡದ್ದು ನೆರಳಿನ ಕಾರಣಕ್ಕೆ.

ರಾಯಚೂರಿನ ಕಾಲೇಜಿನಲ್ಲಿ ಕನ್ನಡ ಎಂ.ಎ.ಗೆ ಸೇರಿದವರು ಸಾಹಿತ್ಯದ ಜೊತೆಗೆ ಬೇರೆ ವಿಭಾಗದ ಒಂದು ವಿಷಯವನ್ನೂ ಓದಬೇಕೆಂಬ ನಿಯಮವಿತ್ತು. ಗೌತಮನ ಮನಸ್ಸು ಕಂಪ್ಯೂಟರಿನ ಮೇಲಿತ್ತು. ಆದರೆ ಕಂಪ್ಯೂಟರಿನ ಸಾಲು ಸುಡುವ ಬಿಸಿಲಿನಲ್ಲಿ ಗೇಟಿನ ತನಕ ಹೋಗಿತ್ತು. ಪಕ್ಕದ ಸಾಲು ಗಿಡ್ಡದಾಗಿ, ಬೇವಿನ ಮರದ ಕೆಳಗೆ ತಣ್ಣಗೆ ನಿಂತಿತ್ತು. ಎರಡೂ ಸಾಲು ಮುಂದೆ ಹೋಗಿ ಒಂದೇ ಕಿಟಕಿಗೆ ಸೇರುತ್ತವೆಂದು ಲೆಕ್ಕ ಹಾಕಿ ಅವನು ಮರದ ಕೆಳಗೆ ನಿಂತ. ಸೇರಲಿಲ್ಲ. ಕಿಟಕಿಯಲ್ಲಿದ್ದ ಗುಮಾಸ್ತ ತಲೆ ಎತ್ತಿ ಅವನನ್ನೊಮ್ಮೆ, ಹಿಂದೆ ನಿಂತ ಹುಡುಗಿಯರನ್ನೊಮ್ಮೆ ನೋಡಿ, “ಖರೇನ?” ಎಂದು ಕೇಳಿದ. ಏನು ಕೇಳಿದನೆಂದು ತಿಳಿಯದಿದ್ದಾಗ “ಹೌದ್ರೀ” ಎನ್ನುವುದು ಗೌತಮನ ಚಿಕ್ಕಂದಿನ ಅಭ್ಯಾಸ. ಸೀಲು ಬಿತ್ತು.

ಮೊದಲ ತರಗತಿಯಲ್ಲಿ ಅವನೊಬ್ಬನೇ ಗಂಡಸು. ಪಾಠ ಮಾಡುವ ಶಶಿಕಲಾ ಮೇಡಂ ಅವನ ಕಡೆಗೇ ಬೆರಳು ತೋರಿಸಿ, “ಲಿಂಗ ಅಂದ್ರ ಏನಪಾ?” ಎಂದರು. ಕನ್ನಡ ವಿಭಾಗದವನಲ್ಲವೇ, ಎದ್ದು ನಿಂತು, “ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ” ಎಂದ. ತರಗತಿ ನಕ್ಕಿತು. ಮೇಡಂ ನಗಲಿಲ್ಲ. “ಲಿಂಗ ಹುಟ್ಟಿನಿಂದ ಬರ್ತದ. ಲಿಂಗತ್ವ ಸಮಾಜ ಕಟ್ಟಿದ್ದು. ‘ತ್ವ’ದಾಗ ಎಲ್ಲಾ ಅದ” ಎಂದರು. ಗೌತಮ ಅದನ್ನು ಬರೆದುಕೊಂಡ. ‘ತ್ವ’ದಲ್ಲಿ ಏನೇನಿದೆ ಎಂಬುದು ಮಾತ್ರ ಅವನಿಗೆ ಆ ವರ್ಷವಿಡೀ ಸ್ಪಷ್ಟವಾಗಲಿಲ್ಲ. ಆದರೂ ಅವ್ವ ಗೋಪಮ್ಮನಿಂದ ಒಂದಿಷ್ಟು ಬೀಸುವ ಪದಗಳನ್ನು ಹಾಡಿಸಿಕೊಂಡು, ಬೀಸುವ ಕಲ್ಲಿನ ಮುಂದೆ ಹೆಂಗಸರೇ ಯಾಕೆ ಕೂತರು ಎಂದು ಒಂದು ಪ್ರಬಂಧ ಬರೆದ. ಕಾಲೇಜಿನ ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಬಹುಮಾನ ಬಂತು. ಬಂದವರೇ ಇಬ್ಬರಾದ್ದರಿಂದ ಎರಡನೆಯ ಬಹುಮಾನಕ್ಕೆ ಪೈಪೋಟಿ ಇರಲಿಲ್ಲ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ವಾರ ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನ ಫ್ಲೆಕ್ಸೊಂದು, ಟ್ರ್ಯಾಕ್ಟರ್ ಕೊಂಡವನ ಫ್ಲೆಕ್ಸೊಂದು, ಏನೂ ಮಾಡದೆ ಸುಮ್ಮನೆ ಹುಟ್ಟಿದ ದಿನ ಆಚರಿಸಿಕೊಂಡವನ ಫ್ಲೆಕ್ಸೊಂದು ತೂಗುತ್ತಿದ್ದವು. ಎಂ.ಎ. ಓದುವ ತಾನು ಇವರಿಗಿಂತ ಏನು ಕಡಿಮೆ ಎಂದು ಗೌತಮನಿಗೆ ಅನ್ನಿಸಿತು. ಅವನ ದೊಡ್ಡಮ್ಮನ ಮಗ ಅಂಬರೇಶ ದೇವದುರ್ಗದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ರಾಯಚೂರಿನಿಂದ ಹೊರಟ ಬಸ್ಸಿನಲ್ಲಿ, ಫುಟ್‌ಬೋರ್ಡಿನ ಮೇಲೆ ನೇತಾಡುತ್ತ ಗೌತಮ ಅವನಿಗೆ ಫೋನು ಹಚ್ಚಿದ.

“ಏನಂತ ಬರೀಲಿ ಅಣ್ಣಾ?”

“ಸಾಹಿತ್ಯ ಮತ್ತು ಲಿಂಗತ್ವ ಅಧ್ಯಯನ ಅಂತ ಬರಿ.”

“ಲಿಂಗ ಆದ ಮ್ಯಾಲ ಏನಂದಿ?”

“ತ್ವ! ತ್ವ!”

ಡ್ರೈವರು ಹಾರ್ನ್ ಒತ್ತಿ ಹಿಡಿದಿದ್ದ.

“ಯಾಕಣ್ಣಾ ಉಗುಳಾಕತ್ತಿ? ಬಾಯಾಗ ಧೂಳು ಹೋತೇನು?”

“ಧೂಳಲ್ಲಲೇ, ತ್ವ!”

“ಆತು ಆತು, ನೀರು ಕುಡಿ. ನಾ ನೋಡ್ಕೊಂತೀನಿ” ಎಂದು ಅಂಬರೇಶ ಫೋನಿಟ್ಟ.

ಅವನು ನೋಡಿಕೊಂಡದ್ದು ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಎದ್ದು ನಿಂತಿತು. ಶಾಲು ಹೊದ್ದ ಗೌತಮನ ಆಳೆತ್ತರದ ಚಿತ್ರ. ಬೆನ್ನ ಹಿಂದೆ ಆಳೆತ್ತರವನ್ನೂ ಮೀರಿದ ಒಂದು ಶಿವಲಿಂಗ. ಲಿಂಗದಿಂದ ಹೊರಟ ಕಿರಣಗಳು ಗೌತಮನ ಕಿವಿಗಳ ಮೂಲಕ ಹಾದು ಹೋಗಿದ್ದವು. ಹಣೆಯ ಮೇಲೆ ಮೂರೆಳೆ ವಿಭೂತಿ. ಕೆಳಗೆ ದಪ್ಪಕ್ಷರದಲ್ಲಿ: ‘ಲಿಂಗ ಅಧ್ಯಯನದಲ್ಲಿ ಜಯಭೇರಿ ಬಾರಿಸಿದ ನಮ್ಮೂರ ಹೆಮ್ಮೆಯ ಪುತ್ರ ಗೌತಮ ಅವರಿಗೆ ಹಾರ್ದಿಕ ಅಭಿನಂದನೆಗಳು.’ ಅದರ ಕೆಳಗೆ ಅಂಬರೇಶನ ಅಂಗಡಿಯ ಫೋನ್ ನಂಬರು.

“ವಿಭೂತಿ ಯಾಕ ಹಚ್ಚಿದ್ಯಲೇ?” ಎಂದು ಗೌತಮ ಫೋನಿನಲ್ಲಿ ಕಿರುಚಿದ.

“ಹಣಿ ಖಾಲಿ ಖಾಲಿ ಕಾಣಾಕತ್ತಿತ್ತಣ್ಣಾ. ಅದಕ್ಕ ಬ್ಯಾರೆ ಚಾರ್ಜ್ ಹಚ್ಚಿಲ್ಲ ತಗೋ.”

ಗೌತಮನ ಅಪ್ಪ ಗದ್ದೆಪ್ಪ ಊರಿನ ಸರ್ಕಾರಿ ಶಾಲೆಯಲ್ಲಿ ಜವಾನ. ಮನೆಯ ಗೋಡೆಯ ಮೇಲೆ ಬುದ್ಧನ ಪಟವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಮೊಳೆ ಹೊಡೆಯಲು ಯಾರಿಗೂ ಬಿಡದ ಮನುಷ್ಯ. ಫ್ಲೆಕ್ಸ್ ನೋಡಿ ಬಂದವನೇ ಕಟ್ಟೆಯ ಮೇಲೆ ಕುಸಿದ.

“ಬುದ್ಧನ ಹೆಸರಿಟ್ಟು ಬೆಳಿಸಿದೆ. ಈಗ ವಿಭೂತಿ ಬಡಕೊಂಡು ಬಸ್ ಸ್ಟ್ಯಾಂಡಿನಾಗ ನಿಂತಾನ. ನಾಳಿ ಸಾಲಿಗಿ ಹೆಂಗ ಹೋಗ್ಲಿ ನಾ?”

“ಯಪ್ಪಾ, ಅದು ಆ ಲಿಂಗ ಅಲ್ಲ…”

“ಮತ್ತ ಯಾವ ಲಿಂಗಲೇ?”

ಗೌತಮ ಬಾಯಿ ತೆರೆದ. ಅಪ್ಪನ ಮುಂದೆ, ಅವ್ವನ ಎದುರಿಗೆ, ಉಳಿದ ಅರ್ಥ ಹೇಳುವುದು ಹೇಗೆಂದು ತೋಚದೆ ಮುಚ್ಚಿದ.

ಗದ್ದೆಪ್ಪ ಶಾಲೆಯ ನಿಚ್ಚಣಿಕೆ ಹೊತ್ತು ಫ್ಲೆಕ್ಸ್ ಇಳಿಸಲು ಹೊರಟ. ಹೋಗಿ ನೋಡಿದರೆ ಯಾರೋ ಅದಕ್ಕೆ ಕಾಯಿ ಒಡೆದು ಊದುಬತ್ತಿ ಹಚ್ಚಿದ್ದರು. ಇಬ್ಬರು ಮುದುಕಿಯರು ಬಸ್ಸಿಗೆ ಹತ್ತುವ ಮೊದಲು ಕೈಮುಗಿಯುತ್ತಿದ್ದರು. ಕೈಮುಗಿಸಿಕೊಳ್ಳುತ್ತಿರುವ ಫ್ಲೆಕ್ಸನ್ನು ಇಳಿಸಿದರೆ ಊರಿನಲ್ಲಿ ಏನೇನಾದೀತೋ ಎಂದು ಹೆದರಿ ಗದ್ದೆಪ್ಪ ನಿಚ್ಚಣಿಕೆಯೊಡನೆ ಹಿಂದಿರುಗಿದ. ಗೋಪಮ್ಮ ಮಾತ್ರ ಒಂದೇ ಮಾತು ಹೇಳಿದಳು: “ಇರ್ಲಿ ಬಿಡ್ರಿ. ಫೋಟೋ ಛಲೋ ಬಂದದ.”

ಆ ದಾರಿಯಲ್ಲೇ ಮಾನ್ವಿಯ ಮಹಾಂತಯ್ಯನವರ ಕಾರು ಹಾದುಹೋಯಿತು. ಅಕ್ಕಿ ಗಿರಣಿಯ ಮಾಲೀಕರಾದ ಅವರು ದೇವದುರ್ಗದ ಬೀಗರ ಮನೆಯಿಂದ ರಾಯಚೂರಿಗೆ ಹೊರಟಿದ್ದರು. ಮಹಾಂತಯ್ಯನವರಿಗೆ ಜೀವನದಲ್ಲಿ ಎರಡು ಪ್ರೀತಿ: ಒಂದು ಶಿವ, ಇನ್ನೊಂದು ಮೈಕು. ಪ್ರತಿ ಶ್ರಾವಣದಲ್ಲಿ ಗಿರಣಿಯ ಅಂಗಳದಲ್ಲಿ ಪ್ರವಚನ ಇಡಿಸುತ್ತಿದ್ದರು. ಪ್ರವಚನಕಾರರು ಒಂದು ಮಾತು ಹೇಳಿದರೆ ಮಹಾಂತಯ್ಯನವರು ಇನ್ನೊಂದು ಮೈಕು ಹಿಡಿದು ಅದರ ಅರ್ಥವನ್ನು ಹತ್ತು ಮಾತಿನಲ್ಲಿ ಹೇಳುತ್ತಿದ್ದರು. ಈ ಕಾರಣದಿಂದಲೇ ಒಮ್ಮೆ ಬಂದ ಪ್ರವಚನಕಾರರು ಎರಡನೇ ಸಲ ಬರುತ್ತಿರಲಿಲ್ಲ. ಆ ವರ್ಷ ಯಾರೂ ಸಿಕ್ಕಿರಲಿಲ್ಲ. ಫ್ಲೆಕ್ಸ್ ಕಂಡದ್ದೇ ತಡ, ಕಾರಿನಲ್ಲಿ ಕೂತೇ ಅದರ ಮೇಲಿನ ನಂಬರಿಗೆ ಫೋನು ಹಚ್ಚಿದರು. ಎತ್ತಿಕೊಂಡ ಅಂಬರೇಶ, ಗಿರಾಕಿ ಯಾವುದಾದರೇನು ಎಂಬ ವ್ಯಾಪಾರ ಧರ್ಮದಂತೆ, “ಬರ್ತಾರ್ರೀ, ಖಾಯಂ ಬರ್ತಾರ” ಎಂದುಬಿಟ್ಟ.

ಸಂಜೆ ಮಹಾಂತಯ್ಯನವರು ಅಂಬರೇಶನಿಂದ ನಂಬರು ಪಡೆದು ನೇರ ಗೌತಮನಿಗೇ ಫೋನು ಮಾಡಿದರು.

“ಶರಣು ಶರಣಾರ್ಥಿ! ಸೋಮವಾರ ನಮ್ಮ ಮಾನ್ವಿಗಿ ಪಾದ ಬೆಳಸಬೇಕು.”

“ಸಾಹೇಬ್ರ, ತಪ್ಪು ತಿಳ್ಕೊಂಡೀರಿ. ಅದು ನೀವು ಅನ್ನೋ ಲಿಂಗ ಅಲ್ಲರೀ.”

“ಗೊತ್ತದರೀ! ಇಷ್ಟಲಿಂಗ ಬ್ಯಾರೆ, ಪ್ರಾಣಲಿಂಗ ಬ್ಯಾರೆ. ನಮಗೂ ಒಂದೀಟು ತಿಳಿತದ.”

“ಹಂಗಲ್ರೀ. ಇದು ಸಮಾಜ ಕಟ್ಟಿದ್ದು.”

“ಕಟ್ಟಿದ್ದ ಮತ್ತ! ನಮಗೂ ಹುಟ್ಟಿದಾಗ ಸಮಾಜದೋರು ಕೂಡಿನ ಕೊರಳಿಗಿ ಕಟ್ಟಿದ್ದು.”

“ನಾ ಓದಾಕತ್ತಿದ್ದು ಹೆಣ್ಣು ಗಂಡಿನ ಭೇದದ ಬಗ್ಗಿ ರೀ…”

“ಆಹಾ! ಲಿಂಗದೊಳಗ ಹೆಣ್ಣೆಲ್ಲಿ, ಗಂಡೆಲ್ಲಿ! ಫೋನಿನಾಗ ಇಷ್ಟು ಹೇಳಿದ್ರ ಕುಂತು ಕೇಳಿದ್ರ ಇನ್ನೆಷ್ಟು ಹೇಳ್ತೀರಿ! ಸೋಮವಾರ ಕಾರು ಕಳಿಸ್ತೀನಿ” ಎಂದು ಫೋನಿಟ್ಟರು.

ಗೌತಮ ಮರುದಿನ ಶಶಿಕಲಾ ಮೇಡಂ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದ. ಮೇಡಂ ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ಹೋಗಪಾ. ನಾನು ಒಂದು ಕಾರ್ಯಕ್ರಮ ಮಾಡಿದ್ರ ಮುಂದಿನ ಸಾಲಿನ ಕುರ್ಚಿ ತುಂಬಂಗಿಲ್ಲ. ನಿನಗ ಅಂಗಳ ತುಂಬ ಜನ ಸಿಗಾಕತ್ತಾರ.”

“ಏನು ಹೇಳ್ಲಿ ಮೇಡಂ? ನನಗ ಶಿವನ ಬಗ್ಗಿ ಏನೂ ಗೊತ್ತಿಲ್ಲ.”

“ಶಿವನ ಬಗ್ಗಿ ಒಂದು ಮಾತೂ ಆಡಬ್ಯಾಡ. ಸುಳ್ಳಂತೂ ಹೇಳಬ್ಯಾಡ. ತರಗತಿಯೊಳಗ ಮನಿಗೆಲಸದ ಬಗ್ಗಿ ನಾ ಕೇಳಿದ ಪ್ರಶ್ನಿಗಳನ್ನ ಅಲ್ಲಿ ಕೇಳು. ಉತ್ತರ ಅವರ ಹೇಳ್ತಾರ.”

ಸೋಮವಾರ ಕಾರು ಬಂತು. ಗಿರಣಿಯ ಅಂಗಳದಲ್ಲಿ ಶಾಮಿಯಾನ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ಹಿಂದೆ ಹಬೆಯಾಡುವ ಹಂಡೆಗಳು. ಗೌತಮ ಇಳಿಯುತ್ತಿದ್ದಂತೆ ಮಹಾಂತಯ್ಯನವರು ಹಾರ ಹಾಕಿ, ತಡೆಯುವಷ್ಟರಲ್ಲಿ ಬಗ್ಗಿ ಪಾದ ಮುಟ್ಟಿಬಿಟ್ಟರು. ಗೌತಮ ಗಾಬರಿಯಲ್ಲಿ ಹಿಂದೆ ಸರಿದು ಚಪ್ಪಲಿ ಒಂದು ಅಲ್ಲೇ ಬಿಟ್ಟ. ಅವರು ಅದಕ್ಕೂ ಕೈಮುಗಿದರು.

ಗಿರಣಿಯ ಆಫೀಸು ಕೋಣೆಯಲ್ಲಿ ಅವನನ್ನು ಕೂರಿಸಿದರು. ಹಾಲು ತಂದವಳು ಮಹಾಂತಯ್ಯನವರ ಮಗಳು ಸ್ವಪ್ನಾ. ಮಾನ್ವಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, “ನೀವು ಏನು ಓದಾಕತ್ತೀರಿ ಅಂತ ನಂಗ ಗೊತ್ತದ” ಎಂದಳು.

ಗೌತಮ ಲೋಟ ಕೆಳಗಿಟ್ಟು ಎದ್ದು ನಿಂತ. “ಹಂಗಾದ್ರ ನಿಮ್ಮ ಅಪ್ಪಾರಿಗಿ ಒಂದು ಮಾತು ಹೇಳ್ರೀ! ನಾ ಮನಿಗಿ ಹೋಗ್ತೀನಿ.”

“ಹೇಳ್ಲಿ ಯಾಕ? ಕಾರಿನಾಗ ‘ಅಪ್ಪಾಜಿ, ಅಲ್ಲಿ ನೋಡ್ರಿ ಲಿಂಗ’ ಅಂತ ಫ್ಲೆಕ್ಸ್ ತೋರಿಸಿದಾಕಿನ ನಾನು.”

“ಯಾಕ್ರೀ ಯವ್ವಾ?”

“ಬರೋ ವಾರ ಸಿಂಧನೂರಿನಿಂದ ನನ್ನ ನೋಡಾಕ ಬರ್ತಾರ. ಗೊಬ್ಬರದ ಅಂಗಡಿಯೋರು. ನಂಗ ಎಂ.ಎ. ಓದಬೇಕದ. ಬಾಯಿ ಬಿಟ್ಟು ಕೇಳಿದ್ರ ಅಪ್ಪಾಜಿ, ‘ಹೆಣ್ಣುಮಗಳಿಗಿ ಅಷ್ಟು ಯಾಕ’ ಅಂತಾರ. ಶಿವನ ಹೆಸರಿಲೆ ಬಂದ್ರ ಇಲ್ಲ ಅನ್ನಂಗಿಲ್ಲ.”

“ನಾ ಏನು ಮಾಡಬೇಕ್ರೀ?”

“ಏನೂ ಮಾಡಬ್ಯಾಡ್ರಿ. ಓದಿದ್ದು ಹೇಳ್ರಿ ಸಾಕು” ಎಂದು ಲೋಟ ತೆಗೆದುಕೊಂಡು ಹೋದಳು. ಹಾಲು ಇನ್ನೂ ಅರ್ಧ ಇತ್ತು.

ವೇದಿಕೆಯ ಮೇಲೆ ಗೌತಮನಿಗೆ ಒಂದು ಮೈಕು, ಮಹಾಂತಯ್ಯನವರಿಗೆ ಅದಕ್ಕಿಂತ ದೊಡ್ಡದೊಂದು ಮೈಕು. ಗೌತಮ ಗಂಟಲು ಸರಿಮಾಡಿಕೊಂಡ. ಅದಕ್ಕೂ ಏನಾದರೂ ಅರ್ಥ ಬರುತ್ತದೇನೋ ಎಂದು ಮಹಾಂತಯ್ಯನವರ ಕಡೆ ನೋಡಿದ. ಬರಲಿಲ್ಲ. ಆಮೇಲೆ ಮೇಡಂ ಕಲಿಸಿದ ಮೊದಲ ಪ್ರಶ್ನೆ ಕೇಳಿದ.

“ನಿಮ್ಮ ಮನ್ಯಾಗ ಮುಂಜಾನಿ ಎಲ್ಲರಕಿಂತ ಮೊದಲ ಏಳೋರು ಯಾರು?”

ಮಹಾಂತಯ್ಯನವರು ಕಣ್ಣು ಮುಚ್ಚಿದರು. “ಆಹಾ! ಏಳೋದು ಅಂದ್ರ ಎಚ್ಚರ ಆಗೋದು. ಮನಿ ಅಂದ್ರ ಈ ದೇಹ. ದೇಹದೊಳಗ ಮೊದಲ ಏಳೋದು ಅರಿವು! ಹೌದಿಲ್ಲೋ?” ಗಂಡಸರ ಕಡೆಯಿಂದ ಚಪ್ಪಾಳೆ ಬಿತ್ತು.

ಹೆಂಗಸರ ಮುಂದಿನ ಸಾಲಿನಲ್ಲಿ ಮಹಾಂತಯ್ಯನವರ ಹೆಂಡತಿ ಬಸವಂತಮ್ಮ ಕೂತಿದ್ದರು. ಅವರಿಗೆ ಮೈಕು ಬೇಕಿರಲಿಲ್ಲ.

“ಅರಿವಲ್ರೀ. ನಾ ಏಳ್ತೀನಿ. ನಾ ಎದ್ದು ಚಾ ಕಾಸಿ ಕೂಗಿದ ಮ್ಯಾಲ ನಿಮ್ಮ ಅರಿವು ಏಳ್ತದ.”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗೌತಮ ಅವಸರದಲ್ಲಿ ಮುಂದಿನ ಪ್ರಶ್ನೆಗೆ ಹಾರಿದ. “ಮನಿಗಿ ನೀರು ತುಂಬೋರು ಯಾರು?”

“ನೀರು ಅಂದ್ರ ಶಿವನ ಕರುಣಾ” ಎಂದರು ಮಹಾಂತಯ್ಯನವರು. “ಕರುಣಾ ತಾನ ತುಂಬತದ!”

“ನಮ್ಮ ಓಣಿಯಾಗ ತುಂಬಂಗಿಲ್ರೀ” ಎಂದು ಹಿಂದಿನಿಂದ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಹೀರಾಬಿ ಎದ್ದು ನಿಂತಳು. “ನಳ ಯಾವಾಗ ಬರ್ತದೋ ಅವಾಗ ನಾನ ಕೊಡ ಹಿಡ್ಕೊಂಡು ನಿಂತಿರ್ತೀನಿ. ಕರುಣಾನ ಒಂದು ದಿನನೂ ಅಲ್ಲಿ ಕಂಡಿಲ್ಲ.”

ಈಗ ನಗು ಗಂಡಸರ ಕಡೆಗೂ ಹಬ್ಬಿತು. ಪ್ರವಚನ ಎಂದರೆ ಗೋಡೆಗೆ ಒರಗಿ ತೂಕಡಿಸುವುದೆಂದು ಬಂದಿದ್ದವರೆಲ್ಲ ನೆಟ್ಟಗೆ ಕೂತರು. ಗೌತಮನಿಗೆ ತಾನು ಗೆಲ್ಲುತ್ತಿದ್ದೇನೆಯೋ ಸಿಕ್ಕಿಬೀಳುತ್ತಿದ್ದೇನೆಯೋ ತಿಳಿಯಲಿಲ್ಲ. ಮೂರನೆಯ ಪ್ರಶ್ನೆ ಕೇಳಿದ.

“ಎಲ್ಲರೂ ಉಂಡ ಮ್ಯಾಲ ಕಡೀಗಿ ಉಣ್ಣೋರು ಯಾರು?”

ಮಹಾಂತಯ್ಯನವರು ಮೈಕು ಎತ್ತಿದರು. ಅರ್ಥ ಬರಲಿಲ್ಲ. ಕಣ್ಣು ಮುಚ್ಚಿ ನೋಡಿದರು, ಆಗಲೂ ಬರಲಿಲ್ಲ. ಕಣ್ಣು ತೆರೆದಾಗ ಎದುರಿಗೆ ಬಸವಂತಮ್ಮ ಕಂಡರು. “ಅದು… ತ್ಯಾಗ” ಎಂದರು, ಮೈಕಿಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗೆ.

“ತ್ಯಾಗ ಅಲ್ರೀ” ಎಂದರು ಬಸವಂತಮ್ಮ. “ಅಷ್ಟೊತ್ತಿಗಿ ಪಲ್ಯ ಉಳಿದಿರಂಗಿಲ್ಲ.”

ಯಾರೂ ನಗಲಿಲ್ಲ. ಹಂಡೆಯ ಕೆಳಗಿನ ಕಟ್ಟಿಗೆ ಚಟಪಟ ಎನ್ನುವುದು ಕೇಳಿಸಿತು. ಆ ಮೌನವನ್ನು ಹೇಗೆ ಮುಗಿಸಬೇಕೆಂದು ತಿಳಿಯದೆ ಗೌತಮ, “ಇದಕ್ಕನ ನಾವು ಲಿಂಗತ್ವ ಅಂತೀವಿ” ಎಂದ. ಬಿಡುಗಡೆ ಸಿಕ್ಕಂತೆ ಇಡೀ ಅಂಗಳ ಚಪ್ಪಾಳೆ ತಟ್ಟಿತು.

ಆಗ ಅಕ್ಕಿ ದಲ್ಲಾಳಿ ಆದೆಪ್ಪ ಎದ್ದ. ಪ್ರತಿ ಸಭೆಯಲ್ಲೂ ಒಂದು ಪ್ರಶ್ನೆ ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಇದರಾಗ ಲಿಂಗ ಎಲ್ಲಿ ಬಂತೋ ನನಗ ತಿಳಿವಲ್ದು. ಇರ್ಲಿ. ಅಪ್ಪಾವ್ರು ಯಾವ ಮಠದಾಗ ಓದೀರಿ?”

“ಹಾಸ್ಟೆಲಿನಾಗರೀ.”

“ಯಾವ ಮಠದ ಹಾಸ್ಟೆಲು?”

“ಸರ್ಕಾರದ್ದು ರೀ.”

“ತಂದಿ ಯಾರು?”

“ಗಬ್ಬೂರು ಸಾಲಿ ಜವಾನ ಗದ್ದೆಪ್ಪ ರೀ.”

ಗದ್ದೆಪ್ಪನನ್ನು ಬಲ್ಲವರು ಅಲ್ಲಿ ಇದ್ದರು. ಒಬ್ಬ ಪಕ್ಕದವನ ಕಿವಿಗೆ ಹೇಳಿದ, ಪಕ್ಕದವ ತನ್ನ ಪಕ್ಕದವನಿಗೆ ಹೇಳಿದ. ಯಾರ ಪೈಕಿ ಎಂಬ ಸುದ್ದಿ ಗಂಡಸರ ಸಾಲುಗಳ ಮೇಲೆ ಗಾಳಿಯಂತೆ ಹರಿದು ವೇದಿಕೆಯ ಹತ್ತಿರ ಬಂದು ನಿಂತಿತು. ಗೌತಮನಿಗೆ ಈ ಗಾಳಿ ಹೊಸದಲ್ಲ. ಅದರಲ್ಲಿ ಮಾತ್ರ ಅವನಿಗೆ ಯಾವ ಗೊಂದಲವೂ ಇರಲಿಲ್ಲ. ಬಿಟ್ಟ ಚಪ್ಪಲಿ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದ.

ಮಹಾಂತಯ್ಯನವರು ಎದ್ದು ನಿಂತಿದ್ದರು. ಅಂಗಳದ ನೂರಾರು ಜನರ ಮುಂದೆ ಪಾದ ಮುಟ್ಟಿ ಆಗಿತ್ತು. ವಿಡಿಯೋ ಆಗಿತ್ತು. ಆ ವಿಡಿಯೋ ಆಗಲೇ ಬೀಗರ ವಾಟ್ಸಾಪ್ ಗುಂಪಿಗೂ ಹೋಗಿತ್ತು. ಅವರ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಬೆಳ್ಳಗಾಯಿತು.

“ಲಿಂಗಕ್ಕ ಜಾತಿ ಅದೇನು?” ಎಂದರು.

ಆ ಪ್ರಶ್ನೆಯನ್ನು ಸಭೆಗೆ ಕೇಳಿದರೋ ತಮಗೆ ತಾವೇ ಕೇಳಿಕೊಂಡರೋ ಹೇಳಲು ಬರುವುದಿಲ್ಲ. ಆದರೆ ಮೈಕು ಆನ್ ಇತ್ತು. ‘ಅದೇನು, ಅದೇನು’ ಎಂದು ಎರಡೂ ಮೂಲೆಯ ಸ್ಪೀಕರುಗಳು ಮಾನ್ವಿಗೆಲ್ಲ ಕೇಳುವಂತೆ ಗುಡುಗಿದವು. ತಮ್ಮದೇ ದನಿ ಅಷ್ಟು ಗಂಭೀರವಾಗಿ ಕೇಳಿದ ಮೇಲೆ ಮಹಾಂತಯ್ಯನವರಿಗೂ ಆ ಮಾತಿನಲ್ಲಿ ನಂಬಿಕೆ ಹುಟ್ಟಿತು. “ಕುಂದ್ರಪಾ ಆದೆಪ್ಪ! ಮುಂದಿಂದು ಹೇಳ್ರಿ ಶರಣ್ರ” ಎಂದರು.

ಮುಂದಿನದು ಗೌತಮನಿಗೆ ಮರೆತುಹೋಗಿತ್ತು. ಎದುರಿಗೆ ಕಂಡ ಹಂಡೆಯನ್ನೇ ನೋಡಿ, “ಇವತ್ತು ಅಡಿಗಿ ಮಾಡಿದೋರು ಯಾರು? ಬಡಸೋರು ಯಾರು?” ಎಂದ.

ಮೈಕಿನ ಆವೇಶ ಇನ್ನೂ ಇಳಿಯದ ಮಹಾಂತಯ್ಯನವರು ಕೈ ಮೇಲೆತ್ತಿ, “ಇವತ್ತು ಗಂಡಸರು ಬಡಸ್ತೀವಿ! ತಾಯಂದಿರು ಮೊದಲನೇ ಪಂಕ್ತಿಗಿ ಕುಂದರ್ರಿ!” ಎಂದು ಘೋಷಿಸಿಬಿಟ್ಟರು.

ಆಮೇಲೆ ಆದದ್ದನ್ನು ಮಾನ್ವಿಯ ಜನ ಈಗಲೂ ಹೇಳುತ್ತಾರೆ. ಗಂಡಸರು ಶಲ್ಯ ಸೊಂಟಕ್ಕೆ ಬಿಗಿದು ಹಂಡೆಗೆ ಮುತ್ತಿದರು. ಸೌಟು ಹಿಡಿಯುವುದು ಯಾವ ಕಡೆಯಿಂದ ಎಂಬಲ್ಲೇ ಜಗಳ ಶುರುವಾಯಿತು. ಆದೆಪ್ಪ ಸಿಹಿ ಸಜ್ಜಕದ ಮೇಲೆ ಸಾರು ಸುರಿದು, “ಕಲಸಿಕೊಳ್ರಿ, ಎಲ್ಲಾ ಒಂದ” ಎಂದ. ಒಬ್ಬ ಉಪ್ಪು ಹುಡುಕುತ್ತ ಗಿರಣಿಯೊಳಗೆ ಹೋದವನು ಎಷ್ಟೋ ಹೊತ್ತಿನ ಮೇಲೆ ತೌಡು ತಂದ. ನಿಮಿಷಕ್ಕೊಬ್ಬ ಪಂಕ್ತಿಗೆ ಓಡಿಬಂದು ತನ್ನ ಹೆಂಡತಿಯ ಮುಂದೆ ಬಗ್ಗಿ, “ತುಪ್ಪ ಎಲ್ಲದಲೇ?” ಎಂದು ಕೇಳುತ್ತಿದ್ದ. ಹೆಂಗಸರು ತಿನ್ನುವುದನ್ನು ಬಿಟ್ಟು ದಾರಿ ಹೇಳುವುದೇ ಆಯಿತು. ಆದರೂ ಒಬ್ಬರೂ ಎದ್ದುಹೋಗಿ ತಾವೇ ತರಲಿಲ್ಲ. ಪಂಕ್ತಿಯ ನಡುವೆ ಗೌತಮನನ್ನು ಕೂರಿಸಿದ್ದರು. ಒಂದು ಪಕ್ಕಕ್ಕೆ ಬಸವಂತಮ್ಮ, ಇನ್ನೊಂದು ಪಕ್ಕಕ್ಕೆ ಹೀರಾಬಿ. ಬಸವಂತಮ್ಮ ಎಲೆಯ ಮೇಲಿನ ಪಲ್ಯವನ್ನು ಒಂದಿಷ್ಟು ಹೊತ್ತು ಸುಮ್ಮನೆ ನೋಡಿ, ನಿಧಾನವಾಗಿ ಊಟ ಶುರು ಮಾಡಿದರು.

ಆ ಗದ್ದಲದ ನಡುವೆ ವೇದಿಕೆಯ ಮೈಕಿನಲ್ಲಿ ಹೆಣ್ಣಿನ ದನಿ ಕೇಳಿತು. ಸ್ವಪ್ನಾ ನಿಂತಿದ್ದಳು.

“ಅಪ್ಪಾಜಿ, ಒಂದು ಮಾತು. ಈ ಲಿಂಗತ್ವದ ಓದು ನಾನೂ ಓದ್ಲೇನು? ರಾಯಚೂರಿನಾಗ ಅಡ್ಮಿಷನ್ ಶುರು ಅದ.”

ಕೈಯಲ್ಲಿ ಸಾರಿನ ಬಕೆಟು ಹಿಡಿದ ಮಹಾಂತಯ್ಯನವರು ನಿಂತಲ್ಲೇ ನಿಂತರು. ಅಂಗಳವೆಲ್ಲ ಅವರನ್ನೇ ನೋಡುತ್ತಿತ್ತು.

“ಸಿಂಧನೂರಿನೋರು…” ಎಂದು ಶುರುಮಾಡಿದರು.

“ಶಿವನ ಓದಿಗಿಂತ ಗೊಬ್ಬರದ ಅಂಗಡಿ ದೊಡ್ಡದೇನ್ರೀ?” ಎಂದರು ಬಸವಂತಮ್ಮ, ಎಲೆಯಿಂದ ತಲೆ ಎತ್ತದೆ.

“ಓದು ತಾಯಿ, ಓದು!” ಎಂದು ಮಹಾಂತಯ್ಯನವರು ಬಕೆಟು ಮೇಲೆತ್ತಿದರು. ಸಾರು ಆದೆಪ್ಪನ ಹೆಗಲ ಮೇಲೆ ಬಿತ್ತು. ಚಪ್ಪಾಳೆಯ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳಲಿಲ್ಲ.

ಸಂಜೆ ಗೌತಮ ಮನೆ ಮುಟ್ಟಿದಾಗ ಗದ್ದೆಪ್ಪ ಮುಖ ತಿರುಗಿಸಿ ಕೂತಿದ್ದ. ಗೋಪಮ್ಮ ನೀರು ಕೊಟ್ಟು, “ಉಂಡೇನು? ಎಲ್ಲಿ ಕುಂದರಿಸಿದ್ರು?” ಎಂದು ಕೇಳಿದಳು.

“ನಡುವ ಕುಂದರಿಸಿದ್ರು, ಯವ್ವಾ. ಅವರ ಮಂದಿ ಜೋಡಿ.”

“ಯಾರು ಬಡಿಸಿದ್ರು?”

“ಮಾಲೀಕರ ಬಡಿಸಿದ್ರು.”

ಗದ್ದೆಪ್ಪ ಇದನ್ನು ಕೇಳಿಯೂ ಕೇಳದವನಂತೆ ಎದ್ದು ಹೊರಗೆ ಹೋದ. ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ಫ್ಲೆಕ್ಸಿನ ಧೂಳು ಒರೆಸಿದನೆಂದು ಊರವರು ಹೇಳಿದರು. ಕೇಳಿದರೆ ಅವನು ಒಪ್ಪುವುದಿಲ್ಲ.

ಮಗಳನ್ನು ಕಾಲೇಜಿಗೆ ಸೇರಿಸಲು ಮಹಾಂತಯ್ಯನವರು ಹೆಂಡತಿಯನ್ನೂ ಕರೆದುಕೊಂಡು, ಹಾರ, ಕಾಯಿ, ಕರ್ಪೂರ ಸಮೇತ ರಾಯಚೂರಿಗೆ ಬಂದರು. ಕಾಲೇಜಿನ ವರಾಂಡದಲ್ಲಿ ಕಂಡಕಂಡವರನ್ನೆಲ್ಲ, “ಲಿಂಗ ಎಲ್ಲದರೀ?” ಎಂದು ಕೇಳುತ್ತ ಬಂದರು. ಒಬ್ಬ ಗುಮಾಸ್ತ ಕೆಂಪಾಗಿ ಕಡತದ ಹಿಂದೆ ಮುಖ ಮುಚ್ಚಿಕೊಂಡ. ಇನ್ನೊಬ್ಬ ಬೆರಳು ತೋರಿಸಿದ. ಬಾಗಿಲ ಮೇಲೆ ‘ಮಹಿಳಾ ಮತ್ತು ಲಿಂಗತ್ವ ಅಧ್ಯಯನ ವಿಭಾಗ’ ಎಂಬ ಹಲಗೆ ಇತ್ತು. ಮಹಾಂತಯ್ಯನವರು ಅದನ್ನು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಒಳಗೆ ಶಶಿಕಲಾ ಮೇಡಂ ಅವರನ್ನು ಕೂರಿಸಿ, ಸುಳ್ಳು ಬೆರೆಸದೆ, ತಮ್ಮ ವಿಭಾಗದಲ್ಲಿ ಏನೇನು ಓದಿಸುತ್ತಾರೆಂದು ಬಿಡಿಸಿ ಹೇಳಿದರು. ಅಷ್ಟರಲ್ಲಿ ಬಸವಂತಮ್ಮ ಮಗಳನ್ನು ಕರೆದುಕೊಂಡು ಹೋಗಿ ಅಡ್ಮಿಷನ್ ಮುಗಿಸಿ ಬಂದಿದ್ದರು.

ಹೊರಗೆ ಬೇವಿನ ಮರದ ಕೆಳಗೆ ಅಡಗಿ ನಿಂತಿದ್ದ ಗೌತಮನನ್ನು ಮಹಾಂತಯ್ಯನವರು ಹುಡುಕಿ ಹಿಡಿದರು. ಅವರ ಕೈಯಲ್ಲಿ ಒಡೆಯದ ಕಾಯಿ ಹಾಗೇ ಇತ್ತು. ಅದು ತನ್ನ ತಲೆಗೇ ಬರುತ್ತದೆಂದು ಗೌತಮ ಕಣ್ಣು ಮುಚ್ಚಿದ.

“ತಮ್ಮಾ, ಇದು ಶಿವನ ಲಿಂಗ ಅಲ್ಲಂತ ನೀ ಯಾಕ ಹೇಳ್ಲಿಲ್ಲ?”

“ಹೇಳಿದೆರೀ. ಫೋನಿನಾಗ ಮೂರು ಸಲ ಹೇಳಿದೆ. ನಾ ಹೇಳಿದ್ದಕ್ಕೆಲ್ಲಾ ನೀವು ಅರ್ಥ ಹೇಳಿದ್ರಿ.”

ಮಹಾಂತಯ್ಯನವರು ಲೆಕ್ಕ ಹಾಕಿದರು. ಹಿಂದೆ ಸರಿದರೆ ಪಾದ ಮುಟ್ಟಿದ್ದು, ಜಾತಿಯ ಮಾತು, ಬಕೆಟು, ಸಿಂಧನೂರಿನವರಿಗೆ ಹೇಳಿಕಳಿಸಿದ ‘ಆಮೇಲೆ ನೋಡೋಣ’, ಎಲ್ಲವೂ ಮಾನ್ವಿಯ ಬಾಯಿಗೆ ಸಿಗುತ್ತಿತ್ತು. ದೂರದಲ್ಲಿ ಸ್ವಪ್ನಾ ಕಾಲೇಜಿನ ಹುಡುಗಿಯರ ನಡುವೆ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ಮನೆಯಲ್ಲಿ ಆ ನಗು ಅವರು ಕೇಳಿ ಬಹಳ ದಿನವಾಗಿತ್ತು. ಅತ್ತ ಒಂದು ಕ್ಷಣ ನೋಡಿ, ಕಾಯಿಯನ್ನು ಗೌತಮನ ಕೈಗೆ ಕೊಟ್ಟರು.

“ಈ ಸುದ್ದಿ ಮಾನ್ವಿಯಾಗ ಯಾರಿಗೂ ತಿಳಿಬಾರದು. ಬರೋ ಶ್ರಾವಣಕ್ಕೂ ನೀನ ಬರಬೇಕು.”

“ಬಂದು ಏನು ಹೇಳ್ಲಿ ಸಾಹೇಬ್ರ?”

“ನೀ ಏನರೆ ಹೇಳು. ಅರ್ಥ ನಾ ಹೇಳ್ತೀನಿ.”

ಕಾರಿನ ಕಿಟಕಿಯಿಂದ ಬಸವಂತಮ್ಮನವರ ತಲೆ ಹೊರಗೆ ಬಂತು.

“ಈ ಸಲ ಅರ್ಥ ನಾ ಹೇಳ್ತೀನಿ. ನೀವು ಬಡಸ್ರಿ.”

ಗಂಡ ಹೆಂಡತಿ ಇಬ್ಬರೂ ಉತ್ತರಕ್ಕಾಗಿ ಗೌತಮನ ಮುಖ ನೋಡಿದರು. ಯಾರಿಗೆ ಹೂಂ ಅನ್ನಬೇಕೆಂದು ತಿಳಿಯದೆ ಅವನು ಕಾಯಿ ಎದೆಗವಚಿಕೊಂಡು, ಬಗ್ಗಿ, ಕಾರಿನ ಡ್ರೈವರನಿಗೆ ನಮಸ್ಕಾರ ಮಾಡಿದ.